ದಾರ ಇತ್ತು, ಮೊಳೆ ಇರಲಿಲ್ಲ

ಮನೆಯಿಂದ,
ಬುಧವಾರ, ಮಧ್ಯಾಹ್ನ

ನನ್ನ ಗೊಣಗಮ್ಮನಿಗೆ ಅತ್ತೆಯ ತುಂಬು ಆಶೀರ್ವಾದ.

ಕಣ್ಣು ಹೇಗಿದೆ? ಉರಿ ಇಳಿಯಿತೇ? ಆಪರೇಷನ್ ಆದ ಮೇಲೆ ಹಗಲೂ ರಾತ್ರಿ ಬೋರಲು ಮಲಗಿರಬೇಕಂತೆ ಎಂದು ಕೇಳಿದಾಗಿನಿಂದ ನನ್ನ ಕತ್ತೇ ನೋಯುತ್ತಿದೆ. ಟವೆಲು ಸುತ್ತಿ ಹಣೆಯ ಕೆಳಗೆ ಇಟ್ಟುಕೋ, ಒತ್ತುವುದಿಲ್ಲ. ಈ ಕಾಗದವನ್ನು ನಿನಗೆ ಓದಿ ಹೇಳುವವನು ನನ್ನ ಮಗ ಎಂದು ಗೊತ್ತು. ಲೇ, ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಓದು, ನಿನಗೆ ಬೇಡವೆನಿಸಿದ್ದನ್ನು ನುಂಗಬೇಡ. ಮನೆಯಲ್ಲಿ ಎಲ್ಲ ಕ್ಷೇಮ. ನಿನ್ನ ಕುಂಡಗಳಿಗೆ ನೀರು ಹಾಕುತ್ತಿದ್ದೇನೆ, ನೀನು ಹಾಕುವುದಕ್ಕಿಂತ ಚೆನ್ನಾಗಿಯೇ. ಪಕ್ಕದ ಮನೆಯ ಡ್ರೈವರು ನಾಳೆ ಬೆಳಿಗ್ಗೆ ನೀವಿರುವ ಆಸ್ಪತ್ರೆಯ ಕಡೆಗೇ ಹೋಗುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಫೋನಿನಲ್ಲಿಯೇ ಹೇಳಬಹುದಿತ್ತು. ನಿನ್ನೆ ಫೋನು ಮಾಡಿಯೂ ಮಾಡಿದೆ. 'ಹೇಳಿ ಅತ್ತೆ' ಎಂಬ ನಿನ್ನ ದನಿ ಕೇಳಿದ ಕೂಡಲೇ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ವಿಷಯ ನಿನ್ನ ಕಂಪ್ಯೂಟರಿನದು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ನೀನು ಹೇಳಿದ್ದು ಇಷ್ಟೇ: 'ಅತ್ತೆ, ನಾನು ಬರೆಯೋ ಆ ಎಡಿಟರ್ ಮುಚ್ಬೇಡಿ. ಮುಚ್ಚಲೇಬೇಕಾಗಿ ಬಂದ್ರೆ ವರ್ಕ್‌ಸ್ಪೇಸ್ ಸೇವ್ ಮಾಡಿ ಮುಚ್ಚಿ.' ನೀವು ಹೋದ ಮೇಲೆ ನಾನು ಅದರ ಮುಂದೆ ಕೂತು ನೋಡಿದೆ. ಎಡಕ್ಕೆ ಮೂಲ ಪುಸ್ತಕ, ಬಲಕ್ಕೆ ನಿನ್ನ ಅನುವಾದ, ಕೆಳಗೆ ನಿನ್ನ ಪದಕೋಶ, ಮೂಲೆಯಲ್ಲಿ ಹೆಸರೇ ಇಡದ ಒಂದು ಫೈಲು. ಆ ಹೆಸರಿಲ್ಲದ್ದರಲ್ಲಿಯೇ ನೀನು ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದದ್ದು. ಕಣ್ಣಲ್ಲಿ ನೊಣ ಹಾರುತ್ತಿದೆ, ಕಪ್ಪು ಪರದೆ ಇಳಿಯುತ್ತಿದೆ ಎನ್ನುತ್ತಲೇ, 'ಇದೊಂದು ಸಾಲು ಅತ್ತೆ' ಎಂದು ಕೂತಲ್ಲಿಂದ ಏಳದೆ ಬರೆದದ್ದು. ಇಷ್ಟು ವರ್ಷ ನೀನು ಬೆನ್ನು ಬಗ್ಗಿಸಿದ್ದೆಲ್ಲ ಬೇರೆಯವರ ಹೆಸರಿನಲ್ಲಿ ಅಚ್ಚಾಯಿತು. ಇದೊಂದರ ಮೇಲೆ ನಿನ್ನ ಹೆಸರು ಬರುತ್ತದೆ. ಅತ್ತೆಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದುಕೊಂಡಿದ್ದರೆ ಆ ಎಣಿಕೆ ಬಿಡು.

ಸೋಮವಾರ, ನಿನ್ನನ್ನು ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದ ಹೊತ್ತಿಗೇ, ಕರೆಂಟಿನವರು ಬಂದರು. ಬೀದಿಯ ಹಳೆಯ ತಂತಿ ಬದಲಿಸಬೇಕಂತೆ, ಸಂಜೆಯವರೆಗೆ ಕರೆಂಟು ಇರುವುದಿಲ್ಲವಂತೆ. ನಿನ್ನ ಕಂಪ್ಯೂಟರಿನ ಬ್ಯಾಟರಿ ಸತ್ತು ವರ್ಷವಾಯಿತು, ವಯರು ಕಿತ್ತರೆ ಅದರ ಪ್ರಾಣವೂ ಹೋಯಿತು. ಮಗನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಕೆಳಗೆ ಲೈನ್‌ಮನ್ ಏಣಿ ಒರಗಿಸಿ, 'ಅಮ್ಮಾ, ತೆಗೀತಾ ಇದೀನಿ' ಎಂದು ಕೂಗುತ್ತಿದ್ದಾನೆ. ಸ್ವಲ್ಪ ತಡಿಯಪ್ಪಾ ಎಂದರೆ, 'ಎಲ್ಲರದ್ದೂ ಸ್ವಲ್ಪವೇ ಅಮ್ಮಾ' ಎನ್ನುತ್ತಾನೆ. ಅಲ್ಲಿ ನಿನ್ನ ಕಣ್ಣು, ಇಲ್ಲಿ ನಿನ್ನ ಪುಸ್ತಕ, ಎರಡೂ ಒಂದೇ ಗಳಿಗೆಯಲ್ಲಿ ಬೇರೆಯವರ ಕೈಯಲ್ಲಿ. ಕನ್ನಡಕ ಹುಡುಕಿ, ಮೆನುವಿನಲ್ಲಿ ಒಂದೊಂದೇ ಸಾಲು ಓದಿ, ವರ್ಕ್‌ಸ್ಪೇಸ್ ಸೇವ್ ಎಂಬುದನ್ನು ಹಿಡಿದೆ. ಹೆಸರು ಕೇಳಿತು, ಹಾಕಿದೆ. ಉಳಿಯಿತು ಎಂದು ತೋರಿಸಿತು. ಅಬ್ಬಾ ಎಂದು ಮುಚ್ಚಲು ಹೋದರೆ ಇನ್ನೊಂದು ಪ್ರಶ್ನೆ: ಹೆಸರಿಲ್ಲದ ಫೈಲನ್ನು ಉಳಿಸಬೇಕೇ, ಬೇಡವೇ?

ನಾನು ಬೇಡ ಎಂದು ಒತ್ತಿದೆ.

ಲೇ ಮಗನೇ, ಇಲ್ಲಿ ನಿಲ್ಲಿಸಬೇಡ, ಮುಂದಕ್ಕೆ ಓದು. ಯಾಕೆ ಒತ್ತಿದೆ ಎಂದು ಕೇಳು ತಾಯಿ. ಮದುವೆಗೆ ಮುಂಚಿನಿಂದಲೂ ನಾನು ಪ್ರೆಸ್ಸಿನಲ್ಲಿ ಒಂದೊಂದೇ ಅಕ್ಷರದ ಅಚ್ಚಿನ ಮೊಳೆ ಜೋಡಿಸಿದವಳು. ಒಂದು ಪುಟದ ಮೊಳೆಗಳೆಲ್ಲ ಜೋಡಿಸಿಯಾದ ಮೇಲೆ ಸುತ್ತಲೂ ದಾರ ಬಿಗಿದು ಕಟ್ಟಿಯೇ ಮನೆಗೆ ಹೋಗಬೇಕು. ಕಟ್ಟದಿದ್ದರೆ ಬೆಳಿಗ್ಗೆ ಬರುವಷ್ಟರಲ್ಲಿ ಸಾಲುಗಳೆಲ್ಲ ಚೆಲ್ಲಾಪಿಲ್ಲಿ. ಆದರೆ ಒಮ್ಮೆ ಕಟ್ಟಿದ ಪುಟಕ್ಕೆ ಮತ್ತೆ ಕೈ ಹಾಕಬಾರದು. ಎರಡನೇ ಗಂಟು ಬಿಗಿಯಲು ಹೋದರೆ ನಡುವಿನ ಮೊಳೆ ಜಾರಿ ಉದುರುತ್ತದೆ, ಮೇಸ್ತ್ರಿ ಬೈದು ಬೈದು ಕಲಿಸಿದ ಪಾಠ ಅದು. ವರ್ಕ್‌ಸ್ಪೇಸ್ ಕಟ್ಟಿಯಾಗಿದೆ, ಇನ್ನೊಂದು ಗಂಟು ಯಾಕೆ ಎಂದುಕೊಂಡೆ. ವಯರು ಕಿತ್ತೆ. ಲೈನ್‌ಮನ್ ಫ್ಯೂಸು ತೆಗೆದ.

ಸಂಜೆ ಕರೆಂಟು ಬಂತು, ನಿನ್ನ ಆಪರೇಷನ್ ಸುಸೂತ್ರವಾಯಿತೆಂದು ಮಗನ ಫೋನೂ ಬಂತು. ದೇವರಿಗೆ ಕೈಮುಗಿದು, ಅದೇ ಹುರುಪಿನಲ್ಲಿ ಕಂಪ್ಯೂಟರು ಹಾಕಿ ವರ್ಕ್‌ಸ್ಪೇಸ್ ತೆರೆದೆ. ಎಡಕ್ಕೆ ಮೂಲ, ಬಲಕ್ಕೆ ಅನುವಾದ, ಕೆಳಗೆ ಪದಕೋಶ, ಎಲ್ಲ ಇದ್ದಲ್ಲೇ ಬಂದು ಕೂತವು. ನೀನು ಬಿಟ್ಟ ಸಾಲಿನ ಮೇಲೆಯೇ ಕಡ್ಡಿ ಮಿಣುಕುತ್ತಿತ್ತು. ಭಲೇ ಮುದುಕಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು ಎನ್ನುವಷ್ಟರಲ್ಲಿ ಮೂಲೆ ನೋಡಿದೆ. ಖಾಲಿ. ಮುಚ್ಚಿ ತೆರೆದೆ, ಹುಡುಕಿದೆ, ಕಸದ ಡಬ್ಬಿಯ ಚಿತ್ರವನ್ನೂ ಒತ್ತಿ ನೋಡಿದೆ. ರಿಪೇರಿಯವನಿಗೆ ಫೋನು ಮಾಡಿದರೆ ಅವನು ಹೇಳಿದ, 'ವರ್ಕ್‌ಸ್ಪೇಸ್ ಅಂದ್ರೆ ಯಾವ ಫೈಲು ಎಲ್ಲಿತ್ತು ಅನ್ನೋದು ಮಾತ್ರ ಅಮ್ಮಾ. ಒಳಗಿನ ಬರಹ ಬೇರೆ ಸೇವ್ ಮಾಡ್ಬೇಕು. ಈ ಎಡಿಟರ್ ತಾನಾಗಿ ಏನೂ ಇಟ್ಕೊಳ್ಳಲ್ಲ.' ದಾರ ಇತ್ತು, ಗಂಟೂ ಇತ್ತು, ಒಳಗೆ ಮೊಳೆ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು.

ಮರುದಿನ ಪ್ರಕಾಶಕರ ಫೋನು. ಶುಕ್ರವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ, ಕೊನೆಯ ಅಧ್ಯಾಯ ಎಲ್ಲಿ ಎಂದರು. ನಿಜ ಹೇಳುತ್ತೇನೆ, ಆಗ ನನಗೊಂದು ಕೆಟ್ಟ ಯೋಚನೆ ಬಂತು. ಬಲಗಡೆಯ ಫೈಲಿನಲ್ಲಿ ನೀನು ಮೊದಲು ಬರೆದ ಹಳೆಯ ಕೊನೆ ಇದ್ದೇ ಇದೆ. ಅದನ್ನೇ ಕಳಿಸಿದರೆ ಪ್ರಕಾಶಕರಿಗೆ ವ್ಯತ್ಯಾಸ ತಿಳಿಯದು, ಓದಿ ನೋಡಲು ನಿನಗೆ ಕಣ್ಣಿಲ್ಲ. ಪುಸ್ತಕ ಬಂದ ಮೇಲೆ ತಾನೇ ಗೊತ್ತಾಗುವುದು, ಆಗ ನೋಡಿಕೊಂಡರಾಯಿತು ಎಂದು ಆ ಅಧ್ಯಾಯ ಓದಲು ಕೂತೆ. ತಂಗಿಯೊಡನೆ ಜಗಳವಾಡಿ ಹೋದ ಅಕ್ಕ ಎಷ್ಟೋ ವರ್ಷದ ಮೇಲೆ ಅವಳ ಮನೆಗೆ ಬರುತ್ತಾಳೆ. ನೀನು ಅವಸರದಲ್ಲಿ ಮೊಟಕುಮಾಡಿದ ಹಳೆಯದರಲ್ಲಿ ಸುಮ್ಮನೆ ಬರುತ್ತಾಳೆ, ಒಳಗೆ ಹೋಗುತ್ತಾಳೆ, ಮುಗಿಯಿತು. ಓದುತ್ತಿದ್ದರೆ ನನ್ನ ಕಿವಿ ಒಪ್ಪಲಿಲ್ಲ. ಅಲ್ಲ ಇದು, ಅವಳು ಬೀದಿಯ ತುದಿಯಲ್ಲಿ ನಿಂತು ಚಪ್ಪಲಿಯ ಮಣ್ಣು ಕೊಡವುತ್ತಾಳೆ ಎಂದು ಬಾಯಿಗೆ ಬಂತು. ಅದು ಎಲ್ಲಿಂದ ಬಂತು ಹೇಳು? ನಿನ್ನ ಬಾಯಿಂದ. ನೀನು ಬರೆಯುವ ಒಂದೊಂದು ಸಾಲನ್ನೂ ಗೊಣಗಿ ಗೊಣಗಿ ಬರೆಯುತ್ತೀಯಲ್ಲ, ನಮ್ಮ ನಡುವೆ ಇರುವುದು ಒಂದೇ ಗೋಡೆ. ತಲೆ ಚಿಟ್ಟು ಹಿಡಿಯುತ್ತದೆ, ಬಾಯಿ ಮುಚ್ಚಿ ಬರಿ ಎಂದು ಎಷ್ಟು ಸಲ ಗೋಡೆ ಬಡಿದಿಲ್ಲ ನಾನು. ಬಡಿಯುತ್ತಲೇ ಕೇಳಿಸಿಕೊಂಡೂ ಇದ್ದೆನಂತೆ.

ಹಳೆಯದನ್ನು ಕಳಿಸಲಿಲ್ಲ, ಪ್ರಕಾಶಕರಿಗೆ ಶುಕ್ರವಾರ ಬೆಳಿಗ್ಗೆ ಕೊಡುತ್ತೇನೆ ಎಂದೆ. ನಿನ್ನೆಯಿಂದ ನಿನ್ನ ಕುರ್ಚಿ ಬಿಟ್ಟು ಎದ್ದಿಲ್ಲ. ನೀನು ಗೊಣಗಿದ್ದು ನೆನಪಾದಂತೆ ಎರಡು ಬೆರಳಿನಲ್ಲಿ ಕುಟ್ಟುತ್ತೇನೆ. ನೆನಪಾಗದಿದ್ದರೆ ನನ್ನ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ, ಬರುತ್ತದೆ. ಬಾರದ ಕಡೆ ನನ್ನ ಮಾತು ತುಂಬಿಲ್ಲ, ಜಾಗ ಬಿಟ್ಟಿದ್ದೇನೆ. ಈ ಕಾಗದದ ಹಿಂಬದಿಯಲ್ಲಿ ಆ ಜಾಗಗಳನ್ನೆಲ್ಲ ಬರೆದಿದ್ದೇನೆ, ಮಗ ಓದಲಿ, ನೀನು ಹೇಳು. ಫೈಲಿಗೆ ಈ ಸಲ ಹೆಸರಿಟ್ಟಿದ್ದೇನೆ, ಗೊಣಗಮ್ಮ ಎಂದು. ಸಾಲು ಸಾಲಿಗೂ ಸೇವ್ ಒತ್ತುತ್ತೇನೆ, ಮೇಸ್ತ್ರಿ ಬೇಕಾದರೆ ಎದ್ದು ಬಂದು ಬೈಯಲಿ. ತಪ್ಪು ನನ್ನದು, ಹೊಟ್ಟೆಗೆ ಹಾಕಿಕೋ. ಸಿಟ್ಟು ಬಂದರೆ ಬೈದು ಹೇಳಿ ಕಳಿಸು. ಅಳಬೇಡ ಮಾತ್ರ, ಕಣ್ಣಿಗೆ ಆಗದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಬಂದಿದೆ, ಬೇಗ ಎದ್ದು ಬಂದು ದಬಾಯಿಸು. ಮಗನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳು.

ನಿನ್ನ ಕಣ್ಣಿಗೆ ನನ್ನ ಆಯುಸ್ಸು ಸೇರಲಿ.

ಇಂತು,
ಗೋಡೆಯಾಚೆಯ ಅತ್ತೆ

ಲಕೋಟೆ ಅಂಟಿಸುವಾಗ ಕೈ ತಡೆಯಿತು. ಕೊನೆಯ ಸಾಲಿನ ಮಾತೇ ಬಾಕಿ ಇದೆ. ಅವತ್ತು ನೀನು ಅದನ್ನು ಎರಡು ಥರ ಗೊಣಗಿದೆ. 'ಬಾಗಿಲು ತೆರೆದೇ ಇತ್ತು' ಎಂದೆ. ಆಮೇಲೆ 'ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ' ಎಂದೆ. ಅಷ್ಟರಲ್ಲಿ 'ಅತ್ತೆ, ಈ ಕಣ್ಣಲ್ಲಿ ಏನೂ ಕಾಣ್ತಿಲ್ಲ' ಎಂದು ಕೂಗಿದೆ, ನಾನು ಓಡಿ ಬಂದೆ. ಯಾವುದನ್ನು ಇಟ್ಟಿದ್ದೆ? ಎರಡನ್ನೂ ಹಾಕಿ ನೋಡಿದೆ. ನನಗೆ ಒಂದು ಇಷ್ಟ, ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಹಠಮಾರಿ ನೀನು ಇನ್ನೊಂದನ್ನೇ ಆರಿಸುತ್ತೀಯ. ಡ್ರೈವರು ನಾಳೆ ಸಂಜೆ ಹಿಂದಿರುಗುತ್ತಾನೆ, ಬಿಟ್ಟ ಜಾಗಗಳ ಮಾತಿನ ಜೊತೆ ಆ ಒಂದು ಸಾಲೂ ಅವನ ಕೈಯಲ್ಲಿ ಬರಲಿ. ಅದು ಬರುವವರೆಗೆ ನಾನು ಪುಟ ಕಟ್ಟುವುದಿಲ್ಲ, ಪ್ರಕಾಶಕರೇ ಬಂದು ಬಾಗಿಲಲ್ಲಿ ನಿಂತರೂ.