ನಮ್ಮ ನಡುಗೋಡೆಗೆ ಸಿಮೆಂಟು ಹಾಕಿಸಬೇಡಿ

ತಾಲೂಕಿನ ವಸತಿ ಶಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮನೆಗೂ ಪಕ್ಕದ ನೂರಬಿಯ ಮನೆಗೂ ನಡುವಿನ ಗೋಡೆಯಲ್ಲಿ, ಒಬ್ಬರು ಬಗ್ಗಿ ದಾಟುವಷ್ಟು ಕಂಡಿಯೊಂದನ್ನು ನಾವು ತೆಗೆಸಿಕೊಂಡಿದ್ದೆವು. ನೀವು ಅದನ್ನು ಮುಚ್ಚಿಸಿದಿರಿ. ಈಗ ಎರಡನೆಯ ನೋಟೀಸು ಬಂದಿದೆ. ಕೆಸರಿನಲ್ಲಿ ಇಟ್ಟಿಗೆ ಇಟ್ಟು ಮುಚ್ಚಿದ್ದು ಸಾಲದಂತೆ. ಬರುವ ಸೋಮವಾರದೊಳಗೆ ಎರಡೂ ಬದಿಗೆ ಸಿಮೆಂಟಿನ ಗಿಲಾವು ಮಾಡಿಸಿ, ಫೋಟೋ ತೆಗೆಸಿ ತಂದುಕೊಡಬೇಕಂತೆ. ಇಲ್ಲವಾದರೆ ನೂರಬಿಯ ಮನೆಯ ಮಂಜೂರಾತಿ ರದ್ದು. ನಾವಿಬ್ಬರೂ ಒಂಟಿ ಮುದುಕಿಯರು. ಆ ಕಂಡಿ ಇಲ್ಲದೆ ಒಬ್ಬಳು ಬಿದ್ದರೆ ಇನ್ನೊಬ್ಬಳು ಅವಳನ್ನು ಹೋಗಿ ಮುಟ್ಟುವ ದಾರಿಯಿಲ್ಲ. ಈ ಮಾತನ್ನು ನಿಮ್ಮ ಮೇಜಿನ ಮುಂದೆ ನಿಂತು ಹೇಳಿದೆ, ನಿಮ್ಮ ಕಿವಿಗೆ ಬೀಳಲಿಲ್ಲ. ಊರಾದರೂ ಕೇಳಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಸರಕಾರಕ್ಕೆ ಬರೆಯುವ ಧಾಟಿ ನನಗೆ ಬಾರದು. ನಾನು ಸಾಲಿಯ ಕಟ್ಟೆ ಹತ್ತಿದವಳಲ್ಲ. ಕಿರಾಣಿ ಪುಡಿಕೆ ಬಿಚ್ಚಿ, ಹಾಳೆಗೆ ಹತ್ತಿದ ಬೆಲ್ಲದ ಅಂಟು ಒರೆಸಿ, ಅದರ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತೆ. ಸಂಪಗಾಂವದ ತವರಿಗೆ, ಸವದತ್ತಿಗೆ ಕೊಟ್ಟ ತಂಗಿಗೆ ಕಾರ್ಡು ಬರೆದು ಬರೆದು ಕೈ ಕುದುರಿತು. ನಡುವೆ ಎಲ್ಲಾದರೂ ‘ತಮ್ಮಾ’ ಎಂದು ಬಂದುಬಿಟ್ಟರೆ ಸಲಿಗೆ ಎಂದು ತಿಳಿಯಬೇಡಿ, ಅದು ನನ್ನ ಕೈಯ ರೂಢಿ.

ಊರ ಹೊರಗೆ, ಸಾರಾಯಿ ಅಂಗಡಿಯ ಆಚೆ, ದಿಕ್ಕಿಲ್ಲದ ವಿಧವೆಯರಿಗೆಂದು ಸರಕಾರ ಕಟ್ಟಿಸಿಕೊಟ್ಟ ಮನೆಗಳು ನಮ್ಮವು. ಊರ ಮಂದಿ ‘ಮುದಿಕ್ಯಾರ ಸಾಲು’ ಅನ್ನುತ್ತಾರೆ. ಒಂದು ಖೋಲಿ, ಹಿಂದೆ ಬಚ್ಚಲು, ಮುಂದೆ ಒಂದೇ ಒಂದು ಕದ. ಈ ಸೂರಿಗಾಗಿ ಸರಕಾರವನ್ನು ಹರಸಿದ್ದೇವೆ, ಸುಳ್ಳಾಡಲಾರೆ. ನಾವು ಯಾರ ಮೇಲೂ ಭಾರ ಹಾಕಿ ಕುಳಿತವರಲ್ಲ. ನಾನು ಶಾವಿಗೆ ಹೊಸೆದು ಕೊಡುತ್ತೇನೆ, ನೂರಬಿ ಕೌದಿ ಹೊಲಿಯುತ್ತಾಳೆ. ನಮ್ಮ ಗಂಜಿ ನಾವು ಕಾಸಿಕೊಳ್ಳುತ್ತೇವೆ.

ಸಾಲಿನ ತುದಿಯ ಮನೆಯಲ್ಲಿ ಶಟ್ಟೆವ್ವ ಇದ್ದಳು. ಒಂದು ಸಂತೆಯ ದಿನ ಬಚ್ಚಲಲ್ಲಿ ಜಾರಿ ಬಿದ್ದಳು. ಕದಕ್ಕೆ ಒಳಗಿನಿಂದ ಚಿಲಕ. ಎಷ್ಟು ಹೊತ್ತು ಕೂಗಿದಳೋ, ಯಾರನ್ನು ಕೂಗಿದಳೋ ನಮಗೆ ಗೊತ್ತಿಲ್ಲ, ನಾವೆಲ್ಲ ಸಂತೆಗೆ ಹೋಗಿದ್ದೆವು. ಗಂಡಸರು ಕದ ಒಡೆದು ಒಳಗೆ ಹೊಕ್ಕಾಗ ಅವಳ ಮೈಯಲ್ಲಿ ಜೀವ ಇರಲಿಲ್ಲ. ಮೈಮೇಲೆ ಅರಿವೆಯೂ ಇರಲಿಲ್ಲ. ಸಾಹೇಬರೇ, ಕಡೆಯವರೆಗೂ ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸು ಅವಳು. ಊರು ಅವಳನ್ನು ಕಡೆಯ ಸಲ ಹಾಗೆ ನೋಡಿತು.

ಮಣ್ಣು ಮುಗಿದ ದಿನ ನೂರಬಿ ಬಂದು ನನ್ನ ಕಟ್ಟೆಯ ಮೇಲೆ ಕುಳಿತಳು. “ಯಕ್ಕಾ, ಸಾಯಾಕ ನನಗ ಅಂಜಿಕಿಲ್ಲ. ಹಿಂಗ ಸಾಯಾಕ ಅಂಜಿಕಿ ಬರತೈತಿ,” ಎಂದಳು.

“ಹಂಗಾರ ನಡುವಿನ ಗ್ವಾಡಿ ಒಡಸೂಣು,” ಎಂದೆ.

“ನಿನ್ನ ಒಗ್ಗರಣಿ ಘಾಟ ನನ್ನ ಮನಿಗೆ ಬರಬಾರದ ಮತ್ತ.”

“ನಿನ್ನ ಕೋಳಿ ನನ್ನ ಜಗಲಿ ಏರಬಾರದ.”

ಕರಾರು ಅಷ್ಟೇ. ಗೌಂಡಿ ರಾಮಲಿಂಗಪ್ಪ ಗೋಡೆಗೆ ಧಕ್ಕೆಯಾಗದ ಹಾಗೆ ಮೇಲೊಂದು ಹಾಸುಗಲ್ಲು ಕೂಡಿಸಿ ಕಂಡಿ ತೆಗೆದುಕೊಟ್ಟ. ಬೀಸುಕಲ್ಲು ಕಟೆಯಲು ಬಂದವಳಿಂದ ಬಚ್ಚಲ ಕಲ್ಲಿಗೂ ಉಳಿ ಹೊಡೆಸಿ ಒರಟು ಮಾಡಿಸಿದೆವು, ನೀರು ಬಿದ್ದಾಗ ಕಾಲು ನಿಲ್ಲಲಿ ಎಂದು. ಮಬ್ಬುಗಣ್ಣಿಗೆ ಕಾಣಲಿ ಎಂದು ಹೊಸ್ತಿಲಿಗೆ ಸುಣ್ಣದ ಪಟ್ಟೆ ಬಳಿದೆವು. ಹಿಡಿದು ಏಳಲು ಮಂಚದ ಮೇಲಿನ ತೊಲೆಗೆ ಗಂಟುಗಂಟಿನ ಹಗ್ಗ ಕಟ್ಟಿದೆವು. ಮುದುಕಿಯರಿಗೆಂದು ಮನೆ ಕಟ್ಟುವಾಗ ನಕಾಶೆ ಬರೆದವರಿಗೆ ಇದೊಂದೂ ತೋಚಲಿಲ್ಲ. ದೂರುವುದಿಲ್ಲ, ಅವರು ಇನ್ನೂ ಹರೆಯದವರಿರಬೇಕು.

ಹೋದ ವರ್ಷ ಶ್ರಾವಣದಲ್ಲಿ ಬಚ್ಚಲಲ್ಲಿ ನಾನೇ ಬಿದ್ದೆ. ಕಾಲು ಜಾರಲಿಲ್ಲ, ಕಲ್ಲು ಒರಟಿತ್ತು. ಕಣ್ಣಿಗೆ ಕತ್ತಲೆ ಬಂತು. ಎಚ್ಚರಾದಾಗ ತೊಡೆಯಲ್ಲಿ ಬೆಂಕಿ, ಬಾಯಲ್ಲಿ ದನಿ ಇಲ್ಲ. ಕೈಗೆ ಸಿಕ್ಕ ತಂಬಿಗೆಯನ್ನು ಕಲ್ಲಿಗೆ ಬಡಿದೆ. ನೂರಬಿ ಸೂಜಿ ಕೈಯಲ್ಲಿ ಹಿಡಿದುಕೊಂಡೇ ಕಂಡಿಯಿಂದ ಬಂದಳು. ಮೊದಲು ಏನು ಮಾಡಿದಳು ಗೊತ್ತೇ? ಮಂದಿಯನ್ನು ಕರೆಯಲಿಲ್ಲ. ಹೊಲಿಯುತ್ತಿದ್ದ ಕೌದಿಯನ್ನು ಎಳೆದು ತಂದು ನನ್ನ ಮೈತುಂಬ ಹೊದಿಸಿದಳು. “ಯಕ್ಕಾ, ಈಗ ಕರೀಲೇನ?” ಎಂದು ಕೇಳಿದಳು. ನಾನು ಹೂಂ ಎಂದ ಮೇಲೆಯೇ ಕದ ತೆಗೆದು ಕೂಗಿದಳು. ಬೈಲಹೊಂಗಲದ ಡಾಕ್ಟರು ಎಲುಬು ಕೂಡಿಸಿದರು. ಇನ್ನಷ್ಟು ಹೊತ್ತು ತಣ್ಣೀರಲ್ಲಿ ಬಿದ್ದಿದ್ದರೆ ಜೀವ ತಮ್ಮ ಕೈಗೆ ಸಿಗುತ್ತಿರಲಿಲ್ಲ ಎಂದರು. ಜೀವ ಉಳಿಸಿದ್ದಕ್ಕೆ ಡಾಕ್ಟರಿಗೆ ಕೈ ಮುಗಿಯುತ್ತೇನೆ. ಮಾನ ಉಳಿಸಿದ್ದಕ್ಕೆ ಆ ಕಂಡಿಗೆ ಮುಗಿಯಬೇಕು. ಅದನ್ನೇ ನೀವು ಅಕ್ರಮ ಎಂದು ಬರೆದಿದ್ದೀರಿ.

ಅಕ್ರಮ ಹೊರಬಿದ್ದದ್ದು ಹೇಗೆ? ಮಂಜೂರಾದವರೇ ಮನೆಯಲ್ಲಿ ಇದ್ದಾರೋ ಇಲ್ಲವೋ ನೋಡಲು ನಿಮ್ಮ ಕಚೇರಿಯಿಂದ ಒಬ್ಬರು ಬಂದರು. ಬಿಸಿಲಲ್ಲಿ ಬಂದಿದ್ದಾರೆಂದು ಚಾಪೆ ಹಾಸಿ ಕೂರಿಸಿದೆ. ನನ್ನಲ್ಲಿ ಹಾಲಿರಲಿಲ್ಲ. “ನೂರಬೀ, ಪಾವ್ಣ್ಯಾರು ಬಂದಾರ, ಚಾ ಇಡ,” ಎಂದು ಕೂಗಿದೆ. ಕಂಡಿಯಿಂದ ಚಹಾ ಬಂತು. ಅವರು ಬಶಿಗೆ ಸುರಿದುಕೊಂಡು ಕುಡಿದು, “ಭಾಳ ಛಲೋ ಆಗೇತಿ ನೋಡಬೇ ಆಯೀ,” ಎಂದು ಬಾಯಿ ಒರೆಸಿಕೊಂಡು ಹೋದರು. ಹೋಗಿ ಬರೆದರು: ಮನೆ ಎರಡು, ಒಲೆ ಒಂದು, ಕುಟುಂಬ ಒಂದು, ಒಂದೇ ಕುಟುಂಬ ಎರಡು ಮನೆ ಹೊಡೆದುಕೊಂಡಿದೆ. ತಮ್ಮಾ, ಬಂದವರಿಗೆ ಚಹಾ ಕೊಡುವುದು ನಿಮ್ಮ ಕಾಯ್ದೆಯ ಯಾವ ಕಲಮಿನಲ್ಲಿ ಅಪರಾಧ? ಹೇಳಿಬಿಡಿ, ನಾಳೆಯಿಂದ ನೀರೂ ಕೊಡುವುದಿಲ್ಲ.

ನೋಟೀಸು ಹಿಡಿದು ನಿಮ್ಮ ಕಚೇರಿಗೆ ಬಂದೆವು. ನಾನು ಕೋಲು ಹಿಡಿದು, ನೂರಬಿ ನನ್ನನ್ನು ಹಿಡಿದು. “ನಿಮಗೂ ಈಕಿಗೂ ಸಂಬಂಧ ಏನು?” ಎಂದು ನೀವು ಕೇಳಿದಿರಿ.

“ಗ್ವಾಡಿ ಸಂಬಂಧರಿ ಸಾಹೇಬ್ರ,” ಎಂದಳು ನೂರಬಿ. ಕಚೇರಿಯೆಲ್ಲ ನಕ್ಕಿತು, ನೀವೂ ನಕ್ಕಿರಿ.

“ಒಲಿ ಒಂದ ಅಂತ ಬರದಾರಲ್ಲಬೇ ಮತ್ತ?”

“ಬರದವರನ್ನ ಕರೀರಿ ಇಲ್ಲೆ. ಈಕಿ ಕೊಳ್ಳಾಗ ಲಿಂಗ ಐತ್ರಿ. ನನ್ನ ಒಲಿ ಮ್ಯಾಲಿನ ಅನ್ನ ಇವತ್ತಿನತನಕಾ ಮುಟ್ಟಿಲ್ಲ. ಚಾ ಒಂದ ಕುಡಿತಾಳ, ಅದೂ ಲೋಟ ಮತ್ತೊಮ್ಮಿ ತೊಳಿ ಅಂತಾಳ. ಹಿಂಗ ಇರೂದಕ ಒಂದ ಮನಿ ಅಂತಾರೇನ್ರಿ?”

ಎಲ್ಲರೆದುರು ನನಗೆ ತಲೆ ತಗ್ಗಿಸುವ ಹಾಗಾಯಿತು. ಆದರೆ ಅವಳು ಆಡಿದ್ದು ಖರೆ. ಇದೇ ವರ್ಷ ಜನಗಣತಿಗೆ ಬಂದ ಮಾಸ್ತರರು ಎರಡೂ ಒಲೆ ನೋಡಿ ಎರಡು ಮನೆ ಎಂದೇ ಬರೆದುಕೊಂಡು ಹೋದರು. ಅವರ ಲೆಕ್ಕದಲ್ಲಿ ನಾವು ಎರಡು, ನಿಮ್ಮ ಲೆಕ್ಕದಲ್ಲಿ ಒಂದು. ನಾವು ಯಾವ ಸರಕಾರವನ್ನು ನಂಬಬೇಕು?

“ಇವತ್ತ ಕಂಡಿ ತಗದೀರಿ, ನಾಳೆ ಒಂದ ಮನಿ ಬಾಡಿಗಿಗೆ ಕೊಡತೀರಿ. ಎಲ್ಲಾರೂ ಹಿಂಗ ಮಾಡಿದರ ಹೆಂಗ?” ಎಂದಿರಿ. ನಿಮ್ಮ ಅನುಮಾನ ತಪ್ಪಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಹಾಗೆ ಮಾಡಿದವರೂ ಇದ್ದಾರೆ. ಮೂರು ಮನೆ ಕೂಡಿಸಿ ನಡುವಿನ ಗೋಡೆ ಪೂರ್ತಿ ಕೆಡವಿ ಹತ್ತಿಯ ಮೂಟೆ ತುಂಬಿದ್ದಾರೆ. ನಿಮ್ಮವರು ಅಲ್ಲಿಗೂ ಹೋಗಿದ್ದರು. ಅಲ್ಲಿ ಗೋಡೆಯೇ ಇಲ್ಲವಾದ್ದರಿಂದ ಗೋಡೆಯಲ್ಲಿ ಕಂಡಿ ತೆಗೆದ ಅಪರಾಧವೂ ಕಾಣಲಿಲ್ಲ. ನಮ್ಮ ತಪ್ಪು ಏನೆಂದು ನನಗೆ ಆಗ ತಿಳಿಯಿತು. ಒಡೆದದ್ದಲ್ಲ, ಸ್ವಲ್ಪವೇ ಒಡೆದದ್ದು.

ನಿಮ್ಮ ಮಾತು ಮೀರಲಿಲ್ಲ. ರಾಮಲಿಂಗಪ್ಪನನ್ನೇ ಕರೆಸಿದೆವು. “ಕೆಸರಾಗ ಇಡತೇನಿ ಆಯೀ. ಸಾಹೇಬ್ರ ಮನಸ ತಿರುಗಿದರ ತಗಿಯಾಕ ಸಸಾರ ಆಕ್ಕೈತಿ,” ಎಂದು ಇಟ್ಟಿಗೆ ಇಟ್ಟು ಹೋದ. ದಿನಕ್ಕೆ ಮೂರು ಹೊತ್ತು ಗೋಡೆ ಬಡಿಯುವುದು, ಆಚೆಯಿಂದ ಉತ್ತರ ಬರಬೇಕು ಎಂದು ನಾವು ನೇಮ ಮಾಡಿಕೊಂಡೆವು.

ಹೋದ ಶುಕ್ರವಾರ ಮಧ್ಯಾಹ್ನ ಬಡಿದೆ. ಉತ್ತರ ಇಲ್ಲ. ಮತ್ತೆ ಬಡಿದೆ. ನೂರಬಿಗೆ ಸಕ್ಕರೆ ಕಾಯಿಲೆ, ತಲೆ ತಿರುಗಿ ಕೂತಲ್ಲೇ ವಾಲುವವಳು. ಹೊರಗೆ ಬಂದು ಅವಳ ಕದ ಬಡಿದೆ, ಚಿಲಕ ಹಾಕಿತ್ತು. ನನ್ನ ಕಣ್ಣ ಮುಂದೆ ಶಟ್ಟೆವ್ವ ಬಂದಳು. ಎದುರಿಗೆ ಸೈಕಲ್ ಪಂಕ್ಚರ್ ತಿದ್ದುವ ಪರಸಪ್ಪನನ್ನು ಕೂಗಿದೆ. ಅವನೂ ಅವನ ಅಂಗಡಿಯಲ್ಲಿ ಕುಳಿತಿದ್ದವರೂ ಓಡಿ ಬಂದು ಕದಕ್ಕೆ ಹೆಗಲು ಕೊಟ್ಟರು. ಚಿಲಕ, ಬಿಜಾಗರಿ ಸಮೇತ ಕದ ಕಿತ್ತು ಒಳಗೆ ಬಿತ್ತು.

ನೂರಬಿ ನಮಾಜಿನಲ್ಲಿದ್ದಳು. ಹಣೆ ನೆಲಕ್ಕೆ ಊರಿತ್ತು. ಅಷ್ಟು ದೊಡ್ಡ ಸಪ್ಪಳವಾದರೂ ನಡುವೆ ಬಿಟ್ಟು ಏಳಲಿಲ್ಲ. ಪೂರ್ತಿ ಮುಗಿಸಿ, ಎಡಬಲಕ್ಕೆ ಮುಖ ತಿರುಗಿಸಿ ಸಲಾಮು ಹೇಳಿ, ಆಮೇಲೆ ನನ್ನ ಕಡೆ ತಿರುಗಿದಳು. “ಅಲ್ಲಾನ ಮುಂದ ಕುಂತಾಕಿ ನಿನ್ನ ಗ್ವಾಡಿಗೆ ಓ ಅನ್ನಲೇನ? ಇದ್ದೊಂದ ಕದಾ ಮುರಿಸಿ ಇಟ್ಟೆಲ್ಲ ಯಕ್ಕಾ!”

ನಾನು ಅವಳ ಹೊಸ್ತಿಲ ಮೇಲೆ ಕುಳಿತು ಅಳುತ್ತಿದ್ದೆ. ಬೈಯುತ್ತಲೇ ಬಂದು ಎದೆಗೆ ಒರಗಿಸಿಕೊಂಡಳು. “ಸತ್ತಾಳ ಅಂತ ತಿಳದಿ, ಹೌದಿಲ್ಲೊ?” ಎಂದಳು. ಆಮೇಲೆ ಅವಳೂ ಅತ್ತಳು. ಪರಸಪ್ಪ ಏನು ಮಾಡಬೇಕೆಂದು ತಿಳಿಯದೆ, “ಇಬ್ಬರೂ ಜೀವಂತ ಅದೀರಿ, ಎದಕ ಅಳತೀರಿ?” ಎಂದ.

ಈಗ ನೂರಬಿಯ ಕದಕ್ಕೆ ಚಿಲಕವಿಲ್ಲ. ಒಳಗಿನಿಂದ ಹಲಗೆ ಆನಿಸಿ ಮಲಗುತ್ತಾಳೆ. ಪಕ್ಕದಲ್ಲಿ ಸಾರಾಯಿ ಅಂಗಡಿ ಇದೆ ಎಂದು ಮೇಲೆ ಬರೆದೆನಲ್ಲ, ಹಿಂದೊಮ್ಮೆ ಕುಡಿದವನೊಬ್ಬ ಹಾಡುಹಗಲೇ ಒಳನುಗ್ಗಿ ನನ್ನ ಮಂಚದ ಮೇಲೆ ಮಲಗಿದ್ದ. ಚಿಲಕ ಹಾಕಿದರೆ ಬಿದ್ದಾಗ ಯಾರೂ ಬರುವಂತಿಲ್ಲ, ಹಾಕದಿದ್ದರೆ ಯಾರು ಬೇಕಾದರೂ ಬರಬಹುದು. “ಕದ ತೆರೆದಿಟ್ಟು ಮಲಗಿ,” ಎಂದು ಸಲಹೆ ಕೊಟ್ಟಿರಲ್ಲ, ನಿಮ್ಮ ತಾಯಿಗೆ ಈ ಸಲಹೆ ಕೊಡುತ್ತೀರಾ? ನಿಮ್ಮ ಗುಮಾಸ್ತರು ಫೋನು ಹಾಕಿಸಿಕೊಳ್ಳಿ ಎಂದರು. ಬಿದ್ದವಳು ಎದ್ದು ಹೋಗಿ ಫೋನು ಮಾಡಬೇಕು. ಏಳಲು ಬರುವುದಾದರೆ ಫೋನು ಯಾಕೆ ಬೇಕು? ರಾಮದುರ್ಗದಲ್ಲಿ ನೂರಬಿಯ ಮಗಳಿದ್ದಾಳಲ್ಲ, ಅಲ್ಲಿಗೆ ಹೋಗಲಿ ಎಂದೂ ಅಂದಿರಿ. ಮಗಳು ಕರೆಯುತ್ತಾಳೆ, ಒಳ್ಳೆಯ ಹುಡುಗಿ. ಆದರೆ ಅಲ್ಲಿ ನೂರಬಿ ಒಂದು ಮೂಲೆಯ ಚಾಪೆ, ಇಲ್ಲಿ ಒಂದು ಮನೆಯ ಯಜಮಾನಿ. ಆ ಯಜಮಾನಿಕೆಯನ್ನು ಕೊಟ್ಟವರು ನೀವೇ ಅಲ್ಲವೇ?

ಎರಡನೆಯ ನೋಟೀಸು ಬಂದ ಮೇಲೆ ಅವಳು ಬೇರೆಯೇ ಮಾತು ಆಡುತ್ತಿದ್ದಾಳೆ. “ಸಿಮೆಂಟ ಹಾಕಿಸಿಬಿಡು ಯಕ್ಕಾ. ಬಿದ್ದರ ಒಂದ ದಿನ ಬೀಳತೇನಿ, ಮನಿ ಹೋದರ ದಿನಾ ಬೀದ್ಯಾಗ ಬೀಳಬೇಕ.” ಬಂಧು ಬಳಗದ ಎಷ್ಟೋ ದುಃಖಕ್ಕೆ ಸಮಾಧಾನ ಬರೆದ ಕೈ ಇದು. ಇವತ್ತು ಗೋಡೆಯಾಚೆಗಿನ ಒಬ್ಬಳಿಗೆ ಒಂದು ಸಾಲು ಸಮಾಧಾನ ಹೇಳಲು ಬರುತ್ತಿಲ್ಲ.

ಆದ್ದರಿಂದ ಕೇಳುತ್ತೇನೆ, ಬೇಡುತ್ತೇನೆ ಎಂದೇ ಓದಿಕೊಳ್ಳಿ. ಸೋಮವಾರದೊಳಗೆ ಆ ನೋಟೀಸು ಹಿಂದಕ್ಕೆ ಪಡೆಯಿರಿ. ಕಂಡಿ ಇರಲಿ ಎಂದು ಒಂದು ಸಾಲಿನ ಆದೇಶ ಕೊಡಿ. ನಾವು ಇಬ್ಬರೂ ಹೋದ ಮೇಲೆ ಗೋಡೆಯನ್ನು ಕಬ್ಬಿಣ ಹಾಕಿ ಕಟ್ಟಿಸಿಕೊಳ್ಳಿ, ಯಾರು ಬೇಡ ಎನ್ನುತ್ತಾರೆ? ಮುರಿದ ಕದವನ್ನು ನಾವೇ ಕೂಡಿಸಿಕೊಳ್ಳುತ್ತೇವೆ.

ಕಾಯ್ದೆಯಲ್ಲಿ ಅದಕ್ಕೆ ಜಾಗವೇ ಇಲ್ಲ ಎನ್ನುವುದಾದರೆ ಇನ್ನೊಂದು ಉಪಕಾರ ಮಾಡಿ. ನಾವು ಬಿದ್ದು ಕೂಗಿದರೆ ನಿಮ್ಮ ಕಚೇರಿಯಿಂದ ಯಾರು ಬರುತ್ತಾರೋ ಅವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಬಚ್ಚಲಲ್ಲಿ ಬಿದ್ದಾಗ ಮನುಷ್ಯರಿಗೆ ಕೂಗಲು ಒಂದು ಹೆಸರು ಬೇಕಾಗುತ್ತದೆ. ನಾನು ಇಷ್ಟು ದಿನ ನೂರಬಿ ಎಂದು ಕೂಗುತ್ತಿದ್ದೆ.

ಇಂತಿ,
ನಿಮ್ಮ ಕಡತದ ಪ್ರಕಾರ ನೂರಬಿಯ ಕುಟುಂಬದವಳಾದ,
ತಂಗೆವ್ವ
ಮುದಿಕ್ಯಾರ ಸಾಲು