ಗೊಂಬೆಯ ಕಪಾಟು ಇಲ್ಲೇ ಇರುತ್ತದೆ

ಮಸ್ಕಿ
೯ ಜನವರಿ ೨೦೨೫, ಗುರುವಾರ

ಪ್ರೀತಿಯ ಅಮ್ಮೀ,

ನಿನ್ನ ಮಗ ನಾಸೀರನ ಸಲಾಂ. ಮೊಣಕಾಲು ಈಗ ಹೇಗಿದೆ? ಸೋಲಾಪುರದ ಚಳಿಗೆ ಮತ್ತೆ ಬಾವು ಬಂದಿದೆ ಎಂದು ಅಂಜುಮ್ ಹೇಳಿದಳು. ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಸಿಕೋ. ನೆಲಕ್ಕೆ ಕೂತು ಮಗುವಿಗೆ ನೀರೆರೆಯುವುದನ್ನು ಇನ್ನು ಸಾಕು ಮಾಡು, ಅಂಜುಮ್‌ಳ ಅತ್ತೆಗೂ ಎರಡು ಕೈ ಇವೆ. ಮಗು ನಗುವ ವಿಡಿಯೊವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೇನೆ. ಮೂಗು ಮಾತ್ರ ನಮ್ಮ ಅಬ್ಬಾನದೇ, ಅದರಲ್ಲಿ ಸಂಶಯವಿಲ್ಲ. ನನ್ನ ಊಟದ ಚಿಂತೆ ಬೇಡ. ಅನ್ನ, ಬೇಳೆ ನಾನೇ ಮಾಡಿಕೊಳ್ಳುತ್ತೇನೆ. ಎದುರು ಮನೆಯ ಗುರುಲಿಂಗಮ್ಮ ಬಿಸಿ ರೊಟ್ಟಿ ಕಳಿಸುತ್ತಾಳೆ, ಜೊತೆಗೆ ಒಂದು ಮಾತನ್ನೂ ಕಳಿಸುತ್ತಾಳೆ: "ನಿನ್ನ ಗೊಂಬಿಗೋಳು ರೊಟ್ಟಿ ಬಡಿಯಂಗಿಲ್ಲೇನಲೇ ನಾಸೀರ?" ಅವಳ ರೊಟ್ಟಿ ತಿನ್ನಬೇಕಾದರೆ ಆ ಮಾತನ್ನೂ ತಿನ್ನಬೇಕು, ತಿನ್ನುತ್ತೇನೆ.

ಕೈಯಲ್ಲಿ ಫೋನಿದ್ದೂ ಇವನೇಕೆ ಕಾಗದ ಬರೆಯುತ್ತಾನೆ ಎಂದು ನಿನಗೆ ಅನ್ನಿಸಬಹುದು. ಗೊಂಬೆ ಎಂಬ ಶಬ್ದ ನನ್ನ ಬಾಯಿಂದ ಹೊರಬಿದ್ದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ. ಅಂಜುಮ್, ಅಮ್ಮಿಗೆ ಇದನ್ನು ಓದಿ ಹೇಳುವವಳು ನೀನೇ. ಖಾರದ ಸಾಲು ಬಂತೆಂದು ಹಾರಿಸಬೇಡ, ಸಕ್ಕರೆಯನ್ನೂ ಬೆರೆಸಬೇಡ. ಹೋದ ವಾರ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ ಅಮ್ಮೀ: "ನಾ ಬರೋದ್ರೊಳಗ ಆ ಗೊಂಬಿಗೋಳು ಮನಿ ಬಿಟ್ಟಿರಬೇಕು. ಇಲ್ಲಂದ್ರ ನಾ ಮಸ್ಕಿಗೆ ಬರಂಗಿಲ್ಲ." ಬಾಣಂತನ ಮುಗಿದು ಎಷ್ಟೋ ದಿನವಾದರೂ ನೀನು ಮಗಳ ಮನೆಯಲ್ಲೇ ಕೂತಿರುವುದು ಏಕೆಂದು ಗೊತ್ತಾಗದಷ್ಟು ದಡ್ಡ ನಾನಲ್ಲ. ಅದಕ್ಕೆ ನನ್ನ ಉತ್ತರ ಇದು. ಗೊಂಬೆಗಳು ಹೋಗುವುದಿಲ್ಲ. ನೀನು ಬರಲೇಬೇಕು. ಎರಡೂ ಆಗಬೇಕು.

ಸಿಂಧನೂರಿನ ಸಂಬಂಧ ಹೇಗೆ ಮುರಿಯಿತೆಂದು ಕರೀಂಸಾಬ್ ಮಾಮೂ ನಿನಗೆ ಫೋನಿನಲ್ಲಿ ಹೇಳಿರುವುದು ಅರ್ಧ. ಹುಡುಗ ಗೊಂಬೆ ಹುಚ್ಚಿಗೆ ಬಿದ್ದು ದೊಡ್ಡವರ ಮುಂದೆ ಅಧಿಕಪ್ರಸಂಗ ಮಾಡಿದ ಎಂದಿರುತ್ತಾರೆ. ಉಳಿದರ್ಧ ನನ್ನಿಂದ ಕೇಳು. ಮೊದಲು ಈ ಹುಚ್ಚಿನ ಮಾತು. ಹೈದರಾಬಾದಿನಲ್ಲಿ ನಾನು ಮದುವೆ ಬಟ್ಟೆಯ ಕೆಲಸ ಕಲಿತ ಅಂಗಡಿಯ ಒಡತಿ ಒಂದು ಮೊಳದುದ್ದದ ಗೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಮಕ್ಕಳು ಆಡಿ ಎಸೆಯುವ ಗೊಂಬೆಯಲ್ಲ ಅದು. ದೊಡ್ಡವರು ಸಂಗ್ರಹಿಸಲೆಂದೇ ವಿದೇಶದಲ್ಲಿ ಕೆಲವೇ ನೂರು ಮಾಡಿ ನಿಲ್ಲಿಸುವ ಫ್ಯಾಷನ್ ಗೊಂಬೆ. ಒಂದು ದಿನ ಅದರ ಗೌನನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ನನ್ನ ಅಂಗೈ ಮೇಲೆ ಇಟ್ಟಳು. ಎಳ್ಳಿನಷ್ಟು ಸಣ್ಣ ಹುಕ್ಕು, ರೇಷ್ಮೆಯ ಅಸ್ತರು, ಎಲ್ಲಿಯೂ ಎಳೆ ಬಿಟ್ಟುಕೊಳ್ಳದ ಹೊಲಿಗೆ. ಯಾರೂ ನೋಡದ ಒಳಗಡೆಯೂ ಹೊರಗಿನಷ್ಟೇ ಚೆಂದ. ಅಂದೇ ನನಗೆ ಕೆಲಸ ಎಂದರೇನೆಂದು ತಿಳಿದದ್ದು. ಈಗ ಸಂತೆಕಲ್ಲೂರಿನಿಂದಲೂ ಆಟೊ ಹಿಡಿದು ಹೆಣ್ಣುಮಕ್ಕಳು ನನ್ನ ಅಂಗಡಿಗೆ ಬರುತ್ತಾರಲ್ಲ, ನಾಸೀರನ ಬ್ಲೌಸಿನ ಫಿಟಿಂಗ್ ಬೇರೆ ಯಾರಿಗೂ ಬರುವುದಿಲ್ಲ ಎನ್ನುತ್ತಾರಲ್ಲ, ಅದನ್ನು ಕಲಿಸಿದ್ದು ಈ ಗೊಂಬೆಗಳು. ಅದೇ ಜನ ಮೆಟ್ಟಿಲಿಳಿದ ಮೇಲೆ ನನ್ನನ್ನು ಗೊಂಬಿ ನಾಸೀರ ಎನ್ನುತ್ತಾರೆ. ಎನ್ನಲಿ. ಕುದುರೆ ಸಾಕುವವನಿಗೆ, ಪಾರಿವಾಳ ಹಾರಿಸುವವನಿಗೆ ಶೋಕ್ ಎನ್ನುತ್ತಾರೆ. ಗಂಡಸು ಗೊಂಬೆ ಇಟ್ಟರೆ ಮಾತ್ರ ಅದು ರೋಗವೇ? ಕೊರಿಯರ್‌ನವನು ಮಸ್ಕಿಗೆ ಬರುವುದಿಲ್ಲವೆಂದು ಲಿಂಗಸುಗೂರಿಗೆ ಹೋಗಿ, ಗೊಂಬೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನ ತುಂಬ ಜನ ನೋಡುವಂತೆ ಕೂತು ಬಂದಿದ್ದೇನೆ. ಚೀಲದಲ್ಲಿ ಮುಚ್ಚಿ ತಂದವನಲ್ಲ.

ಇನ್ನು ಸಿಂಧನೂರಿನ ದಿನ. ಮಾಮೂ, ಮುಮಾನಿ, ನಾನು ಹೋದೆವು. ಬಸ್ಸಿನಲ್ಲಿ ಮಾಮೂ ದಾರಿಯುದ್ದಕ್ಕೂ ಒಂದೇ ಪಾಠ: "ಗೊಂಬಿ ಸುದ್ದಿ ತೆಗೀಬ್ಯಾಡ. ಅಂಗಡಿ ಸುದ್ದಿ ಹೇಳು." ನಾನು ತೆಗೆಯಲಿಲ್ಲ ಅಮ್ಮೀ, ಆ ಮನೆಯವರೇ ತೆಗೆದರು. ಹುಡುಗಿ ಕಹಕಶಾಳ ತಂದೆ ತೀರಿದ ಮೇಲೆ ಅವಳನ್ನು ಬೆಳೆಸಿದವರು ಚಿಕ್ಕಪ್ಪ ಶಾವಲಿ ಚಾಚಾ. ದುಬೈಯಲ್ಲಿ ಬಹಳ ಕಾಲ ಕ್ರೇನ್ ನಡೆಸಿ, ಈಗ ಮುಕ್ಕುಂದದಲ್ಲಿ ಗದ್ದೆ ಮಾಡಿಕೊಂಡಿದ್ದಾರೆ. ನನ್ನ ಗೊಂಬೆಗಳ ಸುದ್ದಿ ಅವರಿಗೆ ಮೊದಲೇ ತಲುಪಿತ್ತು. ನಗಲಿಲ್ಲ, ನಿಜವಾಗಿ ಖುಷಿಪಟ್ಟರು. ಷೋಕೇಸಿನ ಬೀಗ ತೆಗೆದು ಒಂದು ಗೊಂಬೆಯನ್ನೂ ಅದರ ಪೆಟ್ಟಿಗೆಯನ್ನೂ ತಂದು ನನ್ನ ಮುಂದಿಟ್ಟರು. ಕಹಕಶಾ ಚಿಕ್ಕವಳಿದ್ದಾಗ ದುಬೈಯಿಂದ ತಂದದ್ದಂತೆ. ಪ್ಯಾರಿಸ್ಸಿನದು, ಲಕ್ಷದ ಮಾಲು, ಮದುವೆಯಲ್ಲಿ ಹುಡುಗಿಯ ಜೊತೆಗೇ ಕಳಿಸುವುದು ಎಂದು ಓಣಿಗೆಲ್ಲ ಹೇಳಿದ್ದರು. "ನೀವು ಬಲ್ಲವ್ರು. ಇದರ ಕಿಮ್ಮತ್ತು ಎಲ್ಲಾರ ಮುಂದ ನೀವ ಹೇಳಿಬಿಡ್ರಿ" ಎಂದರು. ನೆಂಟರು, ನೆರೆಯವರು ಎಲ್ಲ ಕಣ್ಣರಳಿಸಿ ಕೂತಿದ್ದರು.

ಕೈಗೆ ತೆಗೆದುಕೊಂಡ ಕೂಡಲೇ ತಿಳಿಯಿತು. ಒಳ್ಳೆಯ ಗೊಂಬೆಗೆ ಒಂದು ತೂಕ ಇರುತ್ತದೆ, ಇದು ಟೊಳ್ಳು. ಆದರೂ ಅವಸರ ಮಾಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಕಣ್ಣು ಒಂದೇ ಕಡೆ ನೋಡಬೇಕು. ಇದರ ಒಂದು ಕಣ್ಣು ಬಾಗಿಲ ಕಡೆಗಿತ್ತು. ರೆಪ್ಪೆಯ ಕೂದಲು ಕುಂಚದಿಂದ ಒಂದೊಂದಾಗಿ ಎಳೆದದ್ದಲ್ಲ, ಒಟ್ಟಿಗೆ ಅಚ್ಚೊತ್ತಿದ್ದು. ಬೈತಲೆ ಬಿಡಿಸಿದರೆ ಕೂದಲು ಒತ್ತಾಗಿ ನೆಟ್ಟಿರಬೇಕಾದಲ್ಲಿ ಬೋಳು ನೆತ್ತಿ ಕಾಣುತ್ತಿತ್ತು. ಮೊಣಕೈ ಮಡಚಿದರೆ ನಿಲ್ಲಲಿಲ್ಲ, ಇಳಿಬಿತ್ತು. ಕುತ್ತಿಗೆಯ ಹಿಂದೆ ಕಂಪನಿಯ ಗುರುತಿನ ಅಕ್ಷರ ಕರಗಿದ ಮೇಣದಂತೆ ಕಲಸಿಹೋಗಿತ್ತು, ಪೆಟ್ಟಿಗೆಯ ಮೇಲಿನ ಹೆಸರಿನಲ್ಲಿ ಒಂದಕ್ಷರವೇ ತಪ್ಪು. ನಕಲಿ ಅಮ್ಮೀ, ಉಗುರಿನಿಂದ ನೆತ್ತಿಯವರೆಗೆ ನಕಲಿ. ಆದರೆ ಅದು ಉಟ್ಟ ಶರಾರಾ! ಲಂಗದಂತೆ ಹರಡಿದ ಪೈಜಾಮದ ಕಾಲು, ಹಸಿರು ರೇಷ್ಮೆ, ಮೂರೆಳೆ ಜರಿ, ನೆರಿಗೆ ಒಂದರಂತೆ ಇನ್ನೊಂದು. ತುದಿ ಮಡಚಿ ನೋಡಿದೆ. ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ನನ್ನ ಕಣ್ಣಿಗೇ ಸಿಗಲಿಲ್ಲ. ಯಾವ ಕಂಪನಿಯದೂ ಅಲ್ಲ, ಯಾವುದೋ ಮನೆಯ ಕೈ.

ಮಾಮೂ ಟೀಪಾಯಿಯ ಕೆಳಗೆ ನನ್ನ ಕಾಲನ್ನು ತುಳಿದರು. ಲಕ್ಷ ಎಂದುಬಿಟ್ಟಿದ್ದರೆ ಶರಬತ್ತು ಬರುತ್ತಿತ್ತು, ದಿನ ಗೊತ್ತಾಗುತ್ತಿತ್ತು, ನೀನು ಮರುದಿನವೇ ಸೋಲಾಪುರ ಬಿಡುತ್ತಿದ್ದೆ. ಆದರೆ ಅಳಿಯನಾಗಿ ಹೋಗುವ ಮನೆಯಲ್ಲಿ ನನ್ನ ಮೊದಲ ಮಾತೇ ಸುಳ್ಳಾಗಬೇಕೆ? ಎಲ್ಲೆಲ್ಲಿಯವರೋ ತಮ್ಮ ಗೊಂಬೆಯ ಫೋಟೊ ಕಳಿಸಿ, ಅಸಲಿಯೋ ನಕಲಿಯೋ ಹೇಳಿ ಎಂದು ನನ್ನನ್ನು ಕೇಳುತ್ತಾರೆ. ಒಮ್ಮೆ ನಕಲಿಗೆ ಅಸಲಿ ಎಂದರೆ ಆಮೇಲೆ ನನ್ನ ನಾಲಿಗೆಗೆ ಏನು ಬೆಲೆ? ಹೇಳಿದೆ: "ಚಾಚಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಗೊಂಬಿ ಅಸಲಿ ಅಲ್ಲ. ನಿಮಗ ಯಾರೋ ಮೋಸ ಮಾಡ್ಯಾರ. ಆದ್ರ ಈ ಶರಾರಾ..." ಅಷ್ಟರಲ್ಲಿ ಗದ್ದಲ ಎದ್ದಿತು. ಒಬ್ಬರು "ಟೇಲರ್‌ಗೆ ಏನ್ ಗೊತ್ತು" ಎಂದರು, ಇನ್ನೊಬ್ಬರು ನಮ್ಮ ಮನೆತನದವರೆಗೆ ಹೋದರು. ಚಾಚಾ ಮಾತ್ರ ಗೊಂಬೆಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದು ಕೂತರು. ಅದನ್ನು ನೋಡಿ ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಏನೂ ಕುಡಿಯದೆ ಎದ್ದು ಬಂದೆವು.

ಮಾಮೂ ಸುಮ್ಮನಿರುತ್ತಾರೆಯೇ? ಸೋಮವಾರ ರಾಯಚೂರಿನಿಂದ ಹಳೆ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿಯನ್ನು ಕರೆದುಕೊಂಡು ನೆಟ್ಟಗೆ ನನ್ನ ಗೊಂಬೆ ಕಪಾಟಿರುವ ಮಹಡಿಗೆ ಹತ್ತಿದರು. "ಇವತ್ತ ಅಷ್ಟೂ ಖಾಲಿ ಮಾಡು. ನಾಳೆ ಸಿಂಧನೂರಿಗೆ ಹೋಗಿ ಮಾಫಿ ಕೇಳು, ಗೊಂಬಿ ಅಸಲಿ ಐತಿ, ನನ್ನ ಕಣ್ಣ ತಪ್ಪಿತು ಅನ್ನು" ಎಂದರು. ಆ ವ್ಯಾಪಾರಿ ಎಣ್ಣೆಗೈಯಲ್ಲಿ ಗೊಂಬೆಯೊಂದರ ಕೂದಲು ಹಿಡಿದು ಎತ್ತಿದ. ನಾನು ಅದನ್ನು ಅವನ ಕೈಯಿಂದ ಬಿಡಿಸಿಕೊಂಡು, ಕಪಾಟಿನ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಮಾಮೂಗೆ ಎದುರಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು ಅಮ್ಮೀ. "ಮಾಮೂ, ನನ್ನ ನೋಡಾಕ ಬರವ್ರು ಪೂರಾ ನೋಡ್ಲಿ. ಗೊಂಬಿ ಬಿಟ್ಟು ಅರ್ಧಾ ನಾಸೀರನ್ನ ಯಾರಿಗೂ ಕೊಡಂಗಿಲ್ಲ" ಎಂದೆ. ಅವರ ಮುಖ ಕೆಂಪಗಾಯಿತು. ಕೈ ಎತ್ತುತ್ತಿದ್ದರೋ ಏನೋ, ಕೆಳಗೆ ಅಂಗಡಿಯಿಂದ ಯಾರೋ ಸಲಾಂ ಹೇಳಿದ್ದು ಕೇಳಿಸಿತು.

ಶಾವಲಿ ಚಾಚಾ. ಹಿಂದೆ ಕಹಕಶಾ, ಎದೆಗೆ ಅವುಚಿಕೊಂಡ ಅದೇ ಪೆಟ್ಟಿಗೆ. ಮೇಲೆ ಬಂದವಳೇ ಕುಳಿತುಕೊಳ್ಳಲೂ ಇಲ್ಲ. "ಅವತ್ತ ನೀವು ಶರಾರಾ ಅಂತ ಏನೋ ಹೇಳಾಕತ್ತಿದ್ರಿ. ಮಂದಿ ಹೇಳಗೊಡ್ಲಿಲ್ಲ. ಪೂರಾ ಕೇಳಾಕ ಬಂದೀನಿ" ಎಂದಳು. ಅದನ್ನು ಹೊಲಿದವಳು ಅವಳೇ! ಮೂಲ ಬಟ್ಟೆ ಒಗೆದಾಗ ಬಣ್ಣ ಬಿಟ್ಟು ಹಿಂಜಿಹೋಯಿತಂತೆ. ತಾಯಿಯ ಹಳೆಯ ದುಪಟ್ಟಾ ಕತ್ತರಿಸಿ, ಯಾರಿಂದಲೂ ಕಲಿಯದೆ, ಬಿಚ್ಚಿ ಬಿಚ್ಚಿ ಹೊಲಿದಿದ್ದಾಳೆ. ನಾನು ಕಪಾಟು ತೆಗೆದು ನನ್ನಲ್ಲಿರುವ ಎಲ್ಲಕ್ಕಿಂತ ಬೆಲೆಯ ಗೊಂಬೆಯ ಗೌನನ್ನು ಒಳಮೈ ಹೊರಗೆ ಮಾಡಿ ಅವಳ ಶರಾರಾದ ಪಕ್ಕದಲ್ಲಿ ಹಾಸಿದೆ. ಅವಳು ಅದಕ್ಕಿಂತಲೂ ಚಿಕ್ಕ ಹೊಲಿಗೆ ಹಾಕಿದ್ದಳು, ಹಾಗೆಂದೇ ಹೇಳಿದೆ. ಚಾಚಾ ಬಗ್ಗಿ ಎರಡನ್ನೂ ನೋಡಿದರು. "ಹಂಗಾರ ನಮ್ಮ ಹುಡುಗಿ ಕೆಲಸ ಅಸಲಿ ಏನ್ರಿ?" ಎಂದು ಮೆಲ್ಲಗೆ ಕೇಳಿದರು. "ಅಸಲಿ ರೀ ಚಾಚಾ. ಇದಕ್ಕ ಕಿಮ್ಮತ್ತು ಹಚ್ಚಾಕ ನನಗ ಬರಂಗಿಲ್ಲ" ಎಂದೆ. ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿಕೊಂಡರು.

ಮಾಮೂ ಸಂದರ್ಭ ನೋಡಿ ಮುಂದೆ ಬಂದರು. "ನೀವೇನ್ ಚಿಂತಿ ಮಾಡಬ್ಯಾಡ್ರಿ, ಇವೆಲ್ಲಾ ಇವತ್ತ ಹೋಗ್ತಾವ" ಎಂದು ಕಪಾಟು ತೋರಿಸಿದರು. ಕಹಕಶಾ ತಿರುಗಿ, "ಯಾಕ ಹೋಗ್ತಾವ? ನಾ ಇನ್ನಾ ನೋಡೇ ಇಲ್ಲ" ಎಂದಳು. ಅಷ್ಟೇ. ಮಾಮೂ ವ್ಯಾಪಾರಿಯನ್ನು ಕರೆದುಕೊಂಡು ಧಡಧಡ ಇಳಿದು ಹೋದರು. ಚಾಚಾ ಚಹಾ ಕುಡಿಯಲು ಕೆಳಗೆ ಹೋದಾಗ ಅವಳು ಇನ್ನೊಂದು ಮಾತು ಹೇಳಿದಳು: "ನಕಲಿ ಅಂತ ನಂಗ ಹೈಸ್ಕೂಲ್ನ್ಯಾಗ ಗೊತ್ತಾಗಿತ್ತು. ಚಾಚಾ ನೊಂದ್ಕೋತಾರ ಅಂತ ಸುಮ್ಮಿದ್ದೆ." ಮತ್ತೆ ಅದೇ ಕುರ್ಚಿಯಲ್ಲಿ ಕೂಡಿಸಿ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ ಎಂದೆ. "ಗೊತ್ತೈತಿ" ಎಂದು ನಕ್ಕಳು. ಅವಳ ರೀತಿ ಅವಳದು, ನನ್ನದು ನನ್ನದು. ಅದಕ್ಕಾಗಿ ನಾವು ಜಗಳ ಆಡಲಿಲ್ಲ.

ಇನ್ನು ನಿನ್ನ ದೊಡ್ಡ ಮಾತು. ಬುತ್, ಮೂರ್ತಿ ಇರುವ ಮನೆಗೆ ಅಲ್ಲಾಹನ ದೂತರು, ಫರಿಶ್ತೆಗಳು ಬರುವುದಿಲ್ಲ ಎನ್ನುತ್ತೀ. ನಿನ್ನ ಈಮಾನನ್ನು ನಾನು ಹಗುರವಾಗಿ ಕಾಣುವವನಲ್ಲ, ಅದರ ನೆರಳಿನಲ್ಲೇ ಬೆಳೆದವನು ನಾನು. ನಾನು ಅವಕ್ಕೆ ತಲೆಬಾಗುವುದಿಲ್ಲ, ಅವುಗಳಿಂದ ಏನನ್ನೂ ಬೇಡುವುದಿಲ್ಲ; ಅವುಗಳ ಹೊಲಿಗೆ ನೋಡುತ್ತೇನೆ. ಕಪಾಟು ಮಹಡಿಯಲ್ಲಿದೆ, ಬಾಗಿಲಿದೆ. ನೀನು ನಮಾಜು ಮಾಡುವ ಕೆಳಗಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಅಲ್ಲಿ ಒಂದು ಕ್ಯಾಲೆಂಡರ್ ಕೂಡ ಇಲ್ಲ. ಇಷ್ಟಾದ ಮೇಲೂ ಪಾಪವೆಂದರೆ ಅದರ ಲೆಕ್ಕ ನನ್ನದು, ನಿನ್ನದಲ್ಲ. ನಾನೇ ಉತ್ತರ ಕೊಡುತ್ತೇನೆ. ಜನ ನಗುತ್ತಾರೆ ಎನ್ನುವುದಾದರೆ, ಅಮ್ಮೀ, ಅದಕ್ಕೆ ಮಾತ್ರ ನಾನು ಒಂದು ಗೊಂಬೆಯ ಒಂದು ಹುಕ್ಕನ್ನೂ ಕೊಡುವುದಿಲ್ಲ.

ಅಂಜುಮ್‌ಗೆ, ಭಾವನಿಗೆ, ಅವರ ಅಮ್ಮನಿಗೆ ನನ್ನ ಸಲಾಂ ಹೇಳು. ಮಗುವಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು ಕೊಡು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನನ್ನ ಮೇಲೆ ಸಿಟ್ಟಿದ್ದರೂ ಇರಲಿ, ದುವಾದಲ್ಲಿ ನನ್ನ ಹೆಸರನ್ನು ಬಿಟ್ಟುಬಿಡಬೇಡ.

ನಿನ್ನ ಹಟಮಾರಿ ಮಗ,
ನಾಸೀರ್

ತಾ.ಕ.: ಬರೆಯುವ ಭರದಲ್ಲಿ ಮುಖ್ಯ ಸುದ್ದಿಯೇ ಉಳಿದುಹೋಯಿತು. ನಿನ್ನೆ ಶಾವಲಿ ಚಾಚಾ ಫೋನ್ ಮಾಡಿದ್ದರು. ಅವರ ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ, ಟೇಲರ್‌ಗೆ ಏನು ಗೊತ್ತು ಎಂದವರೂ. ರಂಜಾನಿಗೆ ಮೊದಲು, ಫೆಬ್ರುವರಿ ಒಂಬತ್ತರ ಭಾನುವಾರ ನಿಕಾಹ್ ಇಡೋಣವೇ ಎಂದು ಕೇಳುತ್ತಿದ್ದಾರೆ. ಮಾಮೂ ಇನ್ನೂ ಮುಖ ತಿರುಗಿಸಿಕೊಂಡಿದ್ದಾರೆ. ತಮ್ಮನನ್ನು ದಾರಿಗೆ ತರುವುದು ಅಕ್ಕನ ಕೆಲಸ. ಮದುವೆ ದುಪಟ್ಟಾಕ್ಕೆ ಗೋಟಾದ ಜರಿ ಅಂಚು ಹಚ್ಚುವ ಕೈ ನಿನ್ನದೇ ಆಗಬೇಕೆಂದು ಕಹಕಶಾ ಹೇಳಿದ್ದಾಳೆ, ನಾವಿಬ್ಬರೂ ಅದನ್ನು ಮುಟ್ಟುವುದಿಲ್ಲ. ಬೇಗ ಬಾ. ನೀನು ಬಂದು ಹೂಂ ಅಂದ ಮೇಲೆ ದಿನ ಪಕ್ಕಾ ಮಾಡುತ್ತೇನೆ. ಹುಡುಗಿ ಮತ್ತು ಗೊಂಬೆಗಳು ಆಗಲೇ ಪಕ್ಕಾ.