ಗಂಧ ಹಚ್ಚಿಸಿಕೊಂಡು ಗೈರುಹಾಜರಾದವಳು

ಮದರಾಸು, ೧೪ ನವೆಂಬರ್ ೧೯೮೩, ಸೋಮವಾರ. ಕಚೇರಿಗೆ ರಜೆ ಹಾಕಿ ಬೆಳಿಗ್ಗೆ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ನಿಂತಿದ್ದೆ. ಮಧ್ಯಾಹ್ನ ಮಳೆಯಲ್ಲಿ ನೆನೆದು ಮನೆಗೆ ಬಂದೆ. ಬಟ್ಟೆ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯದ ಪರೀಕ್ಷಾ ನಿಯಂತ್ರಕರಾದ ಮಾನ್ಯರೇ,

ನನ್ನ ಮಗಳು ಸರ್ವಮಂಗಳಾ ಸೆಪ್ಟೆಂಬರಿನಲ್ಲಿ ಬಿ.ಎಸ್ಸಿ. ಗಣಿತದ ಕೊನೆಯ ಪರೀಕ್ಷೆಗೆ ಕೂತು ಎಲ್ಲಾ ಪತ್ರಿಕೆಗಳನ್ನೂ ಬರೆದಳು. ಅವಳು ಬರಲೇ ಇಲ್ಲ ಎಂದು ನಿಮ್ಮ ಕಂಪ್ಯೂಟರು ಅಚ್ಚು ಹಾಕಿದೆ. ಗಿಂಡಿಯ ಕಡೆ ಒಂದು ಸಂಸ್ಥೆಯಲ್ಲಿ ಅವಳಿಗಾಗಿ ಒಂದು ಸೀಟು ಈ ತಿಂಗಳ ಕೊನೆಯವರೆಗೆ ಕಾದಿದೆ. ಅಷ್ಟರೊಳಗೆ ಅಂಕಪಟ್ಟಿ ಕೊಡದಿದ್ದರೆ ಅದು ಬೇರೆಯವರ ಪಾಲು. ಅದು ಯಾವ ವಿದ್ಯೆಯ ಸೀಟು ಎಂದು ದಯವಿಟ್ಟು ಕೇಳಬೇಡಿ. ಕೇಳಿದರೆ ಹೇಳಬೇಕಾಗುತ್ತದೆ: ಕಂಪ್ಯೂಟರ್ ವಿದ್ಯೆಯದು.

ತಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ಇಂಗ್ಲಿಷಿನಲ್ಲಿ ಬರೆದೆ, ಉತ್ತರವಿಲ್ಲ. ಪಕ್ಕದ ಮನೆಯವರಿಂದ ತಮಿಳಿನಲ್ಲಿ ಬರೆಸಿದೆ, ಉತ್ತರವಿಲ್ಲ. ಬರುವ ಭಾಷೆಗಳಲ್ಲಿ ಫಲ ಕಾಣದಿದ್ದಾಗ ಬಾರದ ಭಾಷೆಯನ್ನು ಪ್ರಯತ್ನಿಸಿ ನೋಡುವುದು ತರ್ಕಕ್ಕೆ ವಿರುದ್ಧವಲ್ಲ. ಜೊತೆಗೆ ನಾನು ಅನುವಾದವನ್ನು ನಂಬುವ ಮನುಷ್ಯ. ವಿಮಾ ಕಚೇರಿಯಿಂದ ಬಂದ ಮೇಲೆ ನಾನು ಓದುವುದೆಲ್ಲ ಅನುವಾದವಾದ ಕಾದಂಬರಿಗಳನ್ನೇ. ಹಿಮ ಬೀಳುವ ದೇಶಗಳಲ್ಲಿ, ನಮ್ಮ ನಾಲಿಗೆಗೆ ಸಿಗದ ಹೆಸರಿನ ಮನುಷ್ಯನೊಬ್ಬ ಬದುಕಿರುವಾಗಲೇ ತಾನು ಸತ್ತಿರುವುದಾಗಿ ಸರ್ಕಾರದಿಂದ ಕಾಗದ ಪಡೆಯುವಂಥ ಕಥೆಗಳು. ಪಾಪ, ಚಳಿಗೆ ಅಲ್ಲಿನ ಅಧಿಕಾರಿಗಳ ತಲೆ ಹೀಗಾಗಿರಬೇಕು ಎಂದುಕೊಳ್ಳುತ್ತಿದ್ದೆ. ಆ ಅಧಿಕಾರಿಗಳ ಕ್ಷಮೆ ಕೇಳುತ್ತೇನೆ. ಮದರಾಸಿನ ಸೆಕೆಯಲ್ಲೂ ಅದು ಸಾಧ್ಯವೆಂದು ತಾವು ತೋರಿಸಿಕೊಟ್ಟಿದ್ದೀರಿ.

ಮಗಳು ಏಪ್ರಿಲಿನಲ್ಲಿ ಕಾಮಾಲೆಯಿಂದ ಮಲಗಿದ್ದಳು. ಆಗ ಅವಳು ಬಂದಿಲ್ಲವೆಂದು ನೀವು ಬರೆದಿರಿ, ಅದು ಸತ್ಯ. ಸೆಪ್ಟೆಂಬರಿನಲ್ಲಿ ಪಥ್ಯದ ಗಂಜಿ ಕುಡಿದು ಹೋಗಿ ಬರೆದು ಬಂದಳು. ಬಾಗಿಲಲ್ಲೇ ಅವಳ ಪುಟ್ಟ ಕ್ಯಾಲ್ಕುಲೇಟರನ್ನು ಕಿತ್ತಿಟ್ಟುಕೊಂಡರು. ಯಂತ್ರದಿಂದ ಲೆಕ್ಕ ಮಾಡಿದರೆ ವಿದ್ಯಾರ್ಥಿಯ ಬುದ್ಧಿ ಕೆಡುತ್ತದಂತೆ. ಒಪ್ಪಿದೆ. ಆದರೆ ಹುಡುಗಿ ಲೆಕ್ಕ ಮಾಡಲು ಯಂತ್ರ ಕೂಡದು, ಹುಡುಗಿಯನ್ನು ಲೆಕ್ಕಕ್ಕೆ ಹಿಡಿಯಲು ಮಾತ್ರ ಯಂತ್ರವೇ ಆಗಬೇಕು ಎನ್ನುವುದಾದರೆ, ಬುದ್ಧಿ ಕೆಡುವ ಅಪಾಯ ಒಂದೇ ಕಡೆಗೆ ಇದೆಯೇ? ಅವಳು ಹೆಚ್ಚುವರಿ ಕಾಗದ ಕೇಳಿ ಕೇಳಿ, ಮೇಲ್ವಿಚಾರಕಿ ಕೊನೆಗೆ, "ಇನ್ನೂ ಎಷ್ಟಮ್ಮಾ ಬರೀತೀಯ, ನಮ್ಮ ಮನೆಗೂ ಸ್ವಲ್ಪ ಕಾಗದ ಉಳಿಸು" ಎಂದು ಗದರಿದರಂತೆ. ಬಾರದವರು ಕಾಗದ ಕೇಳುವ ಪದ್ಧತಿ ತಮ್ಮಲ್ಲಿ ಇದೆಯೇ?

ಫಲಿತಾಂಶ ಬಂದ ಮೇಲೆ ಮಗಳನ್ನು ಕರೆದುಕೊಂಡೇ ಕಿಟಕಿಗೆ ಹೋದೆ. ಅಲ್ಲಿನ ಗುಮಾಸ್ತರು ಸಭ್ಯರು. "ಕಂಪ್ಯೂಟರ್ ಪೊಯ್ ಸೊಲ್ಲಾದು ಸಾರ್" ಎಂದರು. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದರ್ಥ. ಮುಂದಿನ ಮಾತುಗಳನ್ನೂ ತಮಿಳಿನಿಂದ ಅನುವಾದಿಸಿ ಕೊಡುತ್ತೇನೆ. ಅನುವಾದದಲ್ಲಿ ಏನೂ ಕಳೆದಿಲ್ಲ.

"ಹಾಗಾದರೆ ನನ್ನ ಮಗಳು ಸುಳ್ಳು ಹೇಳುತ್ತಿದ್ದಾಳೆಯೇ?"

"ಛೆ, ಛೆ. ಸುಳ್ಳು ಹೇಳೋಕಾದರೂ ಬರಬೇಕಲ್ಲ ಸಾರ್. ಅವರು ಬಂದೇ ಇಲ್ಲ."

"ಅದು ನಾನೇ ಸಾರ್, ಇಲ್ಲೇ ನಿಂತಿದ್ದೀನಲ್ಲ" ಎಂದಳು ಮಗಳು.

"ಸಂತೋಷ ಅಮ್ಮಾ. ಇವತ್ತು ಬಂದಿದ್ದೀರಿ. ನಾವು ಕೇಳ್ತಿರೋದು ಸೆಪ್ಟೆಂಬರಿಂದು."

ನಾವು ಹೊರಟಾಗ ಒಳಗಿನಿಂದ ಬಂದ ಹೆಣ್ಣುಮಗಳೊಬ್ಬಳು ಮೆಟ್ಟಿಲ ಬಳಿ ಮಗಳ ಕೈ ಹಿಡಿದುಕೊಂಡಳು. "ನೀವೇನಾ ಸರ್ವಮಂಗಳಾ?" ಎಂದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನೀವೂ ಹುಡುಕಬಾರದು. ಇಡೀ ಕಟ್ಟಡದಲ್ಲಿ ನನಗೆ ನಿಜ ಹೇಳಿದವಳು ಅವಳೊಬ್ಬಳೇ. ಪ್ರತಿ ವಿದ್ಯಾರ್ಥಿಯ ಹೆಸರನ್ನೂ ಅಂಕಗಳನ್ನೂ ಗಟ್ಟಿ ಕಾಗದದ ಒಂದು ಕಾರ್ಡಿನಲ್ಲಿ ಸಣ್ಣ ಸಣ್ಣ ತೂತುಗಳಾಗಿ ಕೊರೆಯುತ್ತಾರಂತೆ, ಹೆಸರು ಮೇಲಂಚಿನಲ್ಲಿ ಅಚ್ಚಾಗಿಯೂ ಇರುತ್ತದಂತೆ. ಯಂತ್ರ ಆ ತೂತುಗಳಲ್ಲಿ ಹಾಯುವ ಬೆಳಕನ್ನು ನೋಡಿ ಓದುತ್ತದಂತೆ. ಸೆಪ್ಟೆಂಬರ್ ಪರೀಕ್ಷೆಯ ಕಾರ್ಡುಗಳು ಸಿದ್ಧವಾಗುವ ಹೊತ್ತಿಗೆ ಆಯುಧಪೂಜೆ ಬಂತು. ಯಂತ್ರಕ್ಕೆ ಹಾರ ಹಾಕಿದರು, ಕುಂಬಳಕಾಯಿ ಒಡೆದರು. ಕಾರ್ಡುಗಳ ಕಟ್ಟನ್ನೂ ಸರಸ್ವತಿಯ ಪಟದ ಮುಂದಿಟ್ಟರು. ಎಲ್ಲಕ್ಕೂ ಮೇಲೆ ಒಂದು ಒಳ್ಳೆಯ ಹೆಸರಿನ ಕಾರ್ಡು ಇರಲಿ ಎಂದು ಈ ಹೆಣ್ಣುಮಗಳೇ ಹುಡುಕಿದಳು. ಸರ್ವಮಂಗಳಾ ಎಂಬುದಕ್ಕಿಂತ ಮಂಗಳಕರವಾದ ಹೆಸರು ಯಾವುದಿದೆ? ಮೂರು ಬೆರಳಿನಿಂದ ಗಂಧ ಎಳೆದು, ನಡುವೆ ಕುಂಕುಮವಿಟ್ಟು, ಕೈ ಮುಗಿದಳು. ಗಂಧ ಒಣಗಿ ಅಂಕದ ತೂತುಗಳು ಮುಚ್ಚಿಕೊಂಡವು. ವಿಜಯದಶಮಿ ಕಳೆದ ಮೇಲೆ ಒಳ್ಳೆಯ ಮುಹೂರ್ತದಲ್ಲಿ ಯಂತ್ರ ಮೊದಲು ಓದಿದ್ದು ಆ ಕಾರ್ಡನ್ನೇ. ಹೆಸರಿತ್ತು, ಅಂಕವಿರಲಿಲ್ಲ. ಬಂದಿಲ್ಲ ಎಂದಿತು. ಪೂಜೆಯಾದ ಕಾರ್ಡನ್ನು ಕಟ್ಟಿನಲ್ಲಿ ಎಲ್ಲರ ಜೊತೆ ಸೇರಿಸಲು ಮನಸ್ಸಾಗದೆ ಅದನ್ನು ಪಟದ ಹಿಂದೆ ಸಿಕ್ಕಿಸಿದ್ದಾರೆ. ಈಗಲೂ ಅಲ್ಲೇ ಇದೆ. ದಿನವೂ ಊದುಬತ್ತಿ ಬೆಳಗುತ್ತಾರಂತೆ.

ಮನೆಯಲ್ಲಿ ಇದನ್ನು ಹೇಳಿದಾಗ, ದಾವಣಗೆರೆ ಬಿಟ್ಟು ಎಷ್ಟೋ ವರ್ಷವಾದರೂ ಅಲ್ಲಿನ ಮಾತು ಬಿಡದ ನನ್ನ ತಾಯಿ ನೀಲಗಂಗಮ್ಮನವರು ಹಿಗ್ಗಿದರು.

"ಅಲ್ಲಪ್ಪಾ ಶಾಂತವೀರ, ಅಷ್ಟು ಸಾವ್ರ ಹುಡುಗ್ರೊಳಗೆ ತಾಯಿ ನಮ್ಮ ಹುಡುಗೀನೇ ಆರಿಸ್ಕಂಡಳಲ್ಲೋ! ಅದಕ್ಯಾಕೆ ಅಳ್ತೀಯೇ ಹುಚ್ಚಿ?"

"ಅಜ್ಜಿ, ಸೀಟ್ ಹೋಗುತ್ತೆ. ನಿಮಗೆ ಪುರಿಯಲ್ವಾ?" ಎಂದಳು ಮಗಳು. ಅರ್ಥವಾಗಲ್ವಾ ಎನ್ನುವುದಕ್ಕೆ ನಮ್ಮ ಮನೆಯ ಮಕ್ಕಳ ಕನ್ನಡ ಅದು.

"ಪುರಿ ಮಂಡಕ್ಕಿ ಎಲ್ಲಾ ಆಮೇಲೆ. ವಿಭೂತಿ ಹಚ್ಚಿದ್ರೆ ಇಷ್ಟೊತ್ತಿಗೆ ಉದುರಿ ಹೋಗ್ತಿತ್ತು. ಗಂಧ ಹಚ್ಯಾರೆ, ಕಚ್ಕಂಡೈತೆ."

ಮಾನ್ಯರೇ, ತಮ್ಮ ವಿಭಾಗದ ಯಾವ ಅಧಿಕಾರಿಯೂ ಈ ಯಂತ್ರದ ದೋಷವನ್ನು ಇಷ್ಟು ಸರಿಯಾಗಿ ಹೇಳಿಲ್ಲ.

ಈ ದಿನ ಬೆಳಿಗ್ಗೆ ತಮ್ಮ ಸೂಪರಿಂಟೆಂಡೆಂಟರ ಮುಂದೆ ಎಲ್ಲವನ್ನೂ ನಿವೇದಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಹಾಗಾದರೆ ಇದು ಯಂತ್ರದ ತಪ್ಪಲ್ಲ, ಪೂಜೆಯ ವಿಷಯ. ಪೂಜೆ ನಮ್ಮ ವಿಭಾಗಕ್ಕೆ ಬರುವುದಿಲ್ಲ" ಎಂದರು. ಗಂಧ ಒರೆಸಿ ಕಾರ್ಡನ್ನು ಮತ್ತೆ ಓದಿಸಿ ಎಂದೆ. ಒರೆಸಲು ಜವಾನನನ್ನು ಕರೆದರು. ಅವನು ಕಾರ್ಡನ್ನು ಕಣ್ಣಿಗೊತ್ತಿಕೊಂಡು, ಇದ್ದಲ್ಲೇ ಇಟ್ಟು ಹೊರಟುಹೋದ. ಹೊಸ ಕಾರ್ಡು ಕೊರೆಸಿ ಎಂದೆ. ಅದಕ್ಕೆ ಅಂಕ ಬೇಕು, ಅಂಕ ಉತ್ತರಪತ್ರಿಕೆಯಲ್ಲಿದೆ, ಉತ್ತರಪತ್ರಿಕೆಯನ್ನು ಹೊರತೆಗೆಯಬೇಕಾದರೆ ಅಭ್ಯರ್ಥಿ ಪರೀಕ್ಷೆಗೆ ಬಂದಿರಬೇಕು, ಬಂದಿದ್ದರೆ ಕಾರ್ಡಿನಲ್ಲಿ ಅಂಕವಿರುತ್ತಿತ್ತು ಎಂದರು. ಕಾದಂಬರಿಯಲ್ಲಿ ಇಂಥ ಪುಟ ಬಂದಾಗ ನಾನು ಗುರುತಿಟ್ಟು ಪುಸ್ತಕ ಮುಚ್ಚಿ ನಗುತ್ತಿದ್ದೆ. ಇಲ್ಲಿ ಮುಚ್ಚಲು ಪುಸ್ತಕವಿಲ್ಲ. ಕಡತ ಸೇರಿದ ನನ್ನ ತಮಿಳು ಕಾಗದದ ಮೇಲೆ "ಗಂಧವನ್ನು ಒರೆಸತಕ್ಕದ್ದು" ಎಂದು ತಮ್ಮ ಸಹಿಯೇ ಆಗಿದೆಯೆಂದು ಕೊನೆಗೆ ತಿಳಿಯಿತು. ಯಾರು ಒರೆಸಬೇಕು ಎಂಬುದು ಮಾತ್ರ ತಮ್ಮ ಪರಿಶೀಲನೆಯಲ್ಲಿದೆ.

ಹೊರಡುವಾಗ ಗುಮಾಸ್ತರು ನನ್ನ ಕೈಗೆ ಒಂದು ಪ್ರಶ್ನಾವಳಿ ಕೊಟ್ಟರು. ವಿದ್ಯಾರ್ಥಿಗಳ ವ್ಯಾಸಂಗ ಮತ್ತು ತಂತ್ರಜ್ಞಾನದ ಬಳಕೆಯ ಮೇಲೆ ಪರಿಣಾಮ ಬೀರುವ ಅಂಶಗಳನ್ನು ವಿಶ್ವವಿದ್ಯಾಲಯ ಅಧ್ಯಯನ ಮಾಡುತ್ತಿದೆಯಂತೆ. ಗೈರುಹಾಜರಿಗೆ ಕಾರಣವೇನು? ಅನಾರೋಗ್ಯ, ಮದುವೆ, ಬಸ್ಸಿನ ತೊಂದರೆ, ವಿದ್ಯುತ್ ಕಡಿತ, ನಿರಾಸಕ್ತಿ: ಒಂದಕ್ಕೆ ಗುರುತು ಹಾಕಬೇಕು. ಗಂಧಕ್ಕೆ ಜಾಗವಿಲ್ಲ. ಕೆಳಗೆ ಸೂಚನೆ: ಉತ್ತರಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಲಾಗುವುದು. ಮನೆಗೆ ತಂದಾಗ ಮಗಳು ಅದನ್ನು ಓದಿ ಮಡಿಸಿಟ್ಟಳು. ಈಚೆಗೆ ಮನೆಯಲ್ಲಿ ಅವಳ ಹೆಸರು ಹಿಡಿದು ಕರೆದರೂ ಬೇಗ ಓಗೊಡುವುದಿಲ್ಲ. ತಾನು ಇದ್ದೇನೋ ಇಲ್ಲವೋ ಎಂದು ಒಮ್ಮೆ ಯೋಚಿಸಿ ಆಮೇಲೆ ಬರುವವಳಂತೆ ಕಾಣುತ್ತಾಳೆ. ಇದು ನನಗೆ ತಮಾಷೆಯಾಗಿ ಕಾಣುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಈ ತಿಂಗಳು ಮುಗಿಯುವ ಮುನ್ನ, ಕಣ್ಣುಳ್ಳ ಯಾರಾದರೂ ಒಬ್ಬ ಮನುಷ್ಯರು ಅವಳ ಉತ್ತರಪತ್ರಿಕೆಗಳನ್ನು ತೆಗೆದು, ಅಂಕಗಳನ್ನು ಪೆನ್ಸಿಲಿನಿಂದ ಕೂಡಿ, ಸಹಿ ಮಾಡಿ ಕೊಡಲಿ. ಅವಳು ನಪಾಸಾಗಿದ್ದರೆ ನಪಾಸೆಂದೇ ಬರೆಯಿರಿ. ನಪಾಸಾಗಲೂ ಬಂದಿರಬೇಕಲ್ಲ, ಅಷ್ಟಾದರೂ ಸಾಬೀತಾಗುತ್ತದೆ. ಗಂಧ ಹಚ್ಚಿದ ಹೆಣ್ಣುಮಗಳಿಗೆ ಯಾವ ಶಿಕ್ಷೆಯೂ ಆಗಕೂಡದು. ಅವಳು ನನ್ನ ಮಗಳ ಹೆಸರನ್ನು ಪೂರ್ತಿಯಾಗಿ, ಅರ್ಥ ತಿಳಿದು ಓದಿದವಳು.

ಇನ್ನೊಂದು ವಿಷಯ. ಈಗ ತಾನೇ ಮಗಳು ಬಂದು ನನ್ನ ಕುರ್ಚಿಯ ಹಿಂದೆ ನಿಂತು ಇದನ್ನೆಲ್ಲ ಓದಿದಳು. ಮಾತೃಭಾಷೆಯನ್ನು ಅವಳು ಕೂಡಿಸಿ ಕೂಡಿಸಿ ಓದುತ್ತಾಳೆ, ಹೊತ್ತು ಹಿಡಿಯಿತು. ಬರುವ ಸೋಮವಾರದೊಳಗೆ ಉತ್ತರ ಬಾರದಿದ್ದರೆ ತಮ್ಮ ಯಂತ್ರದ ಕೋಣೆಯ ಬಾಗಿಲಲ್ಲಿ ಹೋಗಿ ಕೂರುವುದೆಂದೂ, ಬಾಗಿಲು ತೆರೆದಾಗಲೆಲ್ಲ ಒಳಗೆ ಕೇಳುವಂತೆ "ಪ್ರೆಸೆಂಟ್ ಸಾರ್" ಎಂದು ಕೂಗುವುದೆಂದೂ ನಿರ್ಧರಿಸಿದ್ದಾಳೆ. ಅಜ್ಜಿ ಜೊತೆಗೆ ಹೋಗುತ್ತಾರೆ. ಅವರ ಸೆರಗಿನ ಗಂಟಿನಲ್ಲಿ ಒಂದು ವಿಭೂತಿ ಗಟ್ಟಿ ಇರುತ್ತದೆ. ಅದನ್ನು ಯಂತ್ರಕ್ಕೆ ಹಚ್ಚುತ್ತಾರೋ ತಮಗೋ, ನನಗೆ ಹೇಳಿಲ್ಲ. ಇಬ್ಬರೂ ಇನ್ನೂ ಹೊರಟಿಲ್ಲ.

ಇಂತಿ,
ಬಂದೂ ಬಾರದವಳ ತಂದೆ, ತಾನಾದರೂ ಇದ್ದೇನೆಂದು ಸದ್ಯಕ್ಕೆ ನಂಬಿರುವ
ಶಾಂತವೀರಪ್ಪ